ಸವಾಲಿಗಿಡುವ ಕೇಕಿನ ಅಲಂಕಾರ

ಊರಲ್ಲಿ ಒಂದು ಮನೆಗೆ ಕಷ್ಟ ಬಂದಾಗ ನಾಲ್ಕು ಜನ ಸೇರಿ ದುಡ್ಡು ಕೂಡಿಸೋದು ನಮಗೆ ಹೊಸದಲ್ಲ. ಒಬ್ಬರು ಬಾಳೆಗೊನೆ ತರುತ್ತಾರೆ, ಇನ್ನೊಬ್ಬರು ಕುಂಬಳಕಾಯಿ, ಮತ್ತೊಬ್ಬರು ಹತ್ತು ತೆಂಗಿನಕಾಯಿ. ದೇವಸ್ಥಾನದ ಮುಂದೆ ಸವಾಲು ಕೂಗುತ್ತಾರೆ. ಈ ಸಾಲಿಗೆ ನಾವು ಕೆಲವರು ಕೇಕನ್ನೂ ಸೇರಿಸಿದ್ದೇವೆ. ಉಬ್ರಾಣಿ ಕಡೆಯ ಬಿಸಿಲು, ಧೂಳು, ಕೈಕೊಡುವ ಕರೆಂಟು ಎಲ್ಲವನ್ನೂ ತಡೆದು ಸವಾಲಿನ ಹೊತ್ತಿಗೆ ನೆಟ್ಟಗೆ ನಿಲ್ಲುವ ಕೇಕನ್ನು ಮನೆಯಲ್ಲೇ ಹೇಗೆ ಅಲಂಕರಿಸಬಹುದು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಬೇಕರಿ ಕೆಲಸ ನನ್ನ ಕಸುಬಲ್ಲ. ಮನೆಯ ಒಲೆ, ಮನೆಯ ಪಾತ್ರೆ, ಸಂತೆಯಲ್ಲಿ ಸಿಗುವ ಸಾಮಾನು, ಇಷ್ಟರಲ್ಲೇ ಆಗುವ ಕೆಲಸ ಇದು.

ಮುಯ್ಯಿ ಬೇರೆ, ಸವಾಲು ಬೇರೆ

ಅಲಂಕಾರದ ಮಾತಿಗೆ ಮುಂಚೆ ಒಂದು ವಿಷಯ ಹೇಳಲೇಬೇಕು. ಮದುವೆಯಲ್ಲಿ ಮುಯ್ಯಿ ಬರೆಸುತ್ತೇವೆ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಇರುತ್ತೆ. ಅವರ ಮನೆ ಕಾರ್ಯಕ್ಕೆ ನಾವು ಅಷ್ಟೇ, ಇಲ್ಲ ಒಂದು ಕೈ ಹೆಚ್ಚಿಗೆ ತಿರುಗಿ ಮಾಡಬೇಕು. ಮುಯ್ಯಿ ಅಂದ್ರೆ ತೀರಿಸಬೇಕಾದ್ದು. ಮದುವೆಗೆ ಇದು ಸರಿ. ಆದರೆ ದುಡಿಯುವ ಆಳೇ ಹಾಸಿಗೆ ಹಿಡಿದಿರುವ ಮನೆಗೆ ಹೀಗೆ ಬರೆದು ಕೊಟ್ಟರೆ ಅದು ಸಹಾಯದ ಹೆಸರಲ್ಲಿ ಇನ್ನೊಂದು ಸಾಲ. ಕೊಟ್ಟವರು ಕೇಳದಿದ್ದರೂ ತಗೊಂಡವರ ತಲೆಯಲ್ಲಿ ಅದು ಕೂತಿರುತ್ತೆ.

ಸವಾಲು ಹಾಗಲ್ಲ. ಕೂಗಿದವರು ದುಡ್ಡು ಕೊಟ್ಟರು, ವಸ್ತು ತಗೊಂಡರು. ಅಲ್ಲಿಗೆ ಲೆಕ್ಕ ಚುಕ್ತಾ. ಯಾರ ಮನೆಗೆ ಆ ದುಡ್ಡು ಹೋಯಿತೋ ಅವರು ನಾಳೆ ದಾರಿಯಲ್ಲಿ ಸಿಕ್ಕಾಗ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಇದು ನಿಜ ಆಗಬೇಕಾದರೆ ಸವಾಲಿಗಿಟ್ಟ ವಸ್ತುವಿಗೆ ಬೆಲೆ ಇರಬೇಕು. ಯಾರಿಗೂ ಬೇಡದ ವಸ್ತು ಇಟ್ಟು ಕೂಗಿಸಿದರೆ ಅದು ಬರೀ ಭಿಕ್ಷೆ. ಅಂದವಾಗಿರೋ, ಮನೆಗೆ ಒಯ್ದರೆ ಮಕ್ಕಳು ಕುಣಿಯೋ ಕೇಕು ಇಟ್ಟರೆ ಅದು ವ್ಯಾಪಾರ. ಅದಕ್ಕೇ ಅಲಂಕಾರಕ್ಕೆ ಇಷ್ಟು ಶ್ರಮ.

ತಿನ್ನೋ ವಸ್ತುವಿನ ಸವಾಲು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಹೈದರಾಬಾದ್ ಬಳಿಯ ಬಾಲಾಪುರದ ಗಣಪತಿ ಲಡ್ಡು ಒಳ್ಳೇ ಉದಾಹರಣೆ. 1994ರಲ್ಲಿ ಮೊದಲ ಸಲ ಅದು 450 ರೂಪಾಯಿಗೆ ಹೋಯಿತು. 2024ರಲ್ಲಿ ಕೂಗು 30 ಲಕ್ಷ ದಾಟಿತು. ಅಷ್ಟು ದೊಡ್ಡ ಕೂಗು ನಮಗೆ ಬೇಡ. ಹತ್ತು ಜನ ಖುಷಿಯಿಂದ ಕೈ ಎತ್ತಿದರೆ ಸಾಕು.

ಈ ದುಡ್ಡು ಯಾತಕ್ಕೆ?

ನಮ್ಮ ಹತ್ತಿರದ ಊರಿನ ಒಬ್ಬರು ಅಡಿಕೆ ಕೊಯ್ಲಿನಲ್ಲಿ ಮರದಿಂದ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು. ಮುಕ್ಕಾಲು ಎಕರೆ ತೋಟ, ಶಾಲೆಗೆ ಹೋಗೋ ಎರಡು ಮಕ್ಕಳು. ಆಸ್ಪತ್ರೆ ಖರ್ಚಿಗೆ ಕಾರ್ಡು ಇದೆಯಲ್ಲ ಅಂತ ಕೆಲವರು ಕೇಳಿದರು. ಇದೆ, ಮೊದಲು ಅದನ್ನೇ ಬಳಸಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾದ ಯೋಜನೆ ಅದು.

ಆದರೆ ಕಾರ್ಡು ನೋಡಿಕೊಳ್ಳೋದು ಆಸ್ಪತ್ರೆಯ ಒಳಗಿನ ಖರ್ಚು. ದಾವಣಗೆರೆಗೆ ಹೋಗಿಬರುವ ಬಸ್ ಚಾರ್ಜು, ಜೊತೆಗಿರುವವರ ಊಟ, ಮನೆಗೆ ಬಂದ ಮೇಲಿನ ಔಷಧಿ, ಎದ್ದು ನಿಲ್ಲುವವರೆಗೆ ನಿಂತುಹೋದ ಕೂಲಿ, ತೋಟಕ್ಕೆ ನೀರು ಬಿಡಲು ಇಡಬೇಕಾದ ಆಳು, ಇವೆಲ್ಲ ಕಾರ್ಡಿನ ಹೊರಗೆ. ಸಣ್ಣ ರೈತನ ಮನೆ ಮುಳುಗೋದು ಹೆಚ್ಚಾಗಿ ಈ ಸಣ್ಣ ಖರ್ಚುಗಳಲ್ಲೇ. ಅದರಲ್ಲೂ ಬರ ಬಂದ ವರ್ಷಗಳ ಬೆನ್ನಿಗೆ ಇಂಥದ್ದು ಬಂದರೆ ಕೇಳೋದೇ ಬೇಡ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಆಗ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಂಡವರ ಕೈಲಿ ಉಳಿಕೆ ಎಲ್ಲಿ? ಕೇಕಿನ ಸವಾಲು ಹೊತ್ತುಕೊಳ್ಳಬೇಕಾದ್ದು ಈ ಹೊರಗಿನ ಖರ್ಚುಗಳನ್ನು.

ಕೇಕಿನ ಮೇಲೆ ಹೆಸರು ಬೇಡ

ಕೇಕು ಅಂದ ಕೂಡಲೇ ಹುಡುಗರು ಫೋಟೋ ಕೇಕು ಮಾಡಿಸೋಣ ಅಂದರು. ಬಿದ್ದವರ ಫೋಟೋ, ಹೆಸರು, ಕೆಳಗೆ 'ಸಹಾಯ ಮಾಡಿ' ಅಂತ ಬರಹ. ಮನೆಯವರನ್ನು ಒಂದು ಮಾತು ಕೇಳೋಣ ಅಂತ ನಾನು ಹೋದೆ. ಆ ಹೆಣ್ಣುಮಗಳು ಹೇಳಿದ್ದಿಷ್ಟು: "ಅಕ್ಕಾ, ನೀವೆಲ್ಲ ಮಾಡ್ತಿರೋದು ದೊಡ್ಡದು. ಆದ್ರೆ ಕೇಕಿನ ಮೇಲೆ ನಮ್ಮೆಜಮಾನ್ರ ಹೆಸರು ಬರೀಬ್ಯಾಡ್ರಿ. ಅದನ್ನ ಚಾಕು ಹಾಕಿ ಕುಯ್ತಾರೆ. ನನ್ನ ಮಕ್ಕಳು ಅಲ್ಲೇ ನಿಂತಿರ್ತಾವೆ."

ಅವತ್ತಿಂದ ನಮ್ಮಲ್ಲಿ ಇದೇ ಕಟ್ಟಳೆ. ಕೇಕಿನ ಮೇಲೆ ಕಷ್ಟದ ಚಿತ್ರ ಬೇಡ, ಹೆಸರು ಬೇಡ, ಫೋಟೋ ಬೇಡ. ಯಾರಿಗಾಗಿ ಅನ್ನೋದು ಊರಿಗೆ ಗೊತ್ತೇ ಇರುತ್ತೆ. ಕೇಕಿನ ಮೇಲೆ ಇರಬೇಕಾದ್ದು ನೋಡಿದವರ ಮುಖ ಅರಳಿಸುವಂಥದ್ದು. ನಮ್ಮ ಕಡೆ ಅಡಿಕೆ ಗೊನೆಗಿಂತ ಅಂಥದ್ದು ಇನ್ನೇನಿದೆ?

ಕೇಕು ಎಂಥದ್ದು, ಎಷ್ಟು?

ಎರಡು ಬಗೆ ಇರಲಿ. ಒಂದು ಸವಾಲಿನ ಕೇಕು. 8 ಇಂಚು ಅಗಲದ ಎರಡು ಪದರ, ಪೂರಾ ಅಲಂಕಾರದ್ದು. ಇನ್ನೊಂದು ತಟ್ಟೆ ಕೇಕು. 12 ಇಂಚು ಅಗಲ, 16 ಇಂಚು ಉದ್ದದ ತಟ್ಟೆಯಲ್ಲಿ ಮಾಡಿದ್ದನ್ನು 2 ಇಂಚಿನ ಚೌಕ ಕೊಯ್ದರೆ 48 ತುಂಡು ಬರುತ್ತೆ. ದೊಡ್ಡ ಕೇಕನ್ನು ಕೂಗೋ ತಾಕತ್ತು ಎಲ್ಲರಿಗೂ ಇರೋಲ್ಲ. ಇಪ್ಪತ್ತು ರೂಪಾಯಿ ಕೊಡೋರ ಕೈಗೂ ಏನಾದರೂ ಸಿಗಬೇಕು. ಇಲ್ಲದಿದ್ದರೆ ಅವರು ಬರೀ ನೋಡೋರಾಗಿ ನಿಲ್ಲುತ್ತಾರೆ.

ಊರ ಕಾರ್ಯ ಆದ್ದರಿಂದ ಮೊಟ್ಟೆ ಹಾಕದ ಕೇಕೇ ಸರಿ. ಎಲ್ಲರೂ ತಿನ್ನಬಹುದು. ಮೊಟ್ಟೆ ಇಲ್ಲದೆ ಕೇಕು ಆಗುತ್ತಾ ಅಂತ ಕೇಳೋರಿಗೆ ಅಯ್ಯಂಗಾರ್ ಬೇಕರಿಗಳೇ ಉತ್ತರ. ಹಾಸನ ಕಡೆಯಿಂದ ಹೋದ ಕುಟುಂಬದವರು 1898ರಲ್ಲೇ ಬೆಂಗಳೂರಿನಲ್ಲಿ ಬೇಕರಿ ತೆರೆದಿದ್ದರು.

8 ಇಂಚಿನ ಒಂದು ಪದರಕ್ಕೆ ಬೇಕಾದ್ದು ಹೀಗೆ: ಮೈದಾ 250 ಗ್ರಾಂ, ಸಕ್ಕರೆ ಪುಡಿ 200 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 300 ಮಿ.ಲೀ., ವಾಸನೆಯಿಲ್ಲದ ಎಣ್ಣೆ 150 ಮಿ.ಲೀ., ಬೇಕಿಂಗ್ ಪೌಡರ್ ಒಂದೂವರೆ ಚಮಚ, ಅಡಿಗೆ ಸೋಡಾ ಮುಕ್ಕಾಲು ಚಮಚ, ಏಲಕ್ಕಿ ಪುಡಿ ಇಲ್ಲವೇ ವೆನಿಲ್ಲಾ. ಚಮಚ ಅಂದ್ರೆ ಟೀ ಚಮಚ. ಮೊಸರಿಗೆ ಸಕ್ಕರೆ ಕರಗಿಸಿ, ಸೋಡಾ ಮತ್ತು ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಡಿ. ನೊರೆ ಏಳುತ್ತೆ. ಆಮೇಲೆ ಎಣ್ಣೆ, ಕೊನೆಗೆ ಜರಡಿ ಹಿಡಿದ ಮೈದಾ. ಜಾಸ್ತಿ ತಿರುವಬೇಡಿ, ಗಟ್ಟಿಯಾಗುತ್ತೆ.

ಓವನ್ ಇದ್ದರೆ 180 ಡಿಗ್ರಿಯಲ್ಲಿ 35-40 ನಿಮಿಷ. ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆಗೆ ಒಂದು ಇಂಚು ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಹಿಟ್ಟಿನ ಡಬ್ಬ ಇಟ್ಟು ಸಣ್ಣ ಉರಿಯಲ್ಲಿ 45-50 ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ಪಾತ್ರೆಗೆ ನೀರು ಹಾಕಬಾರದು.

ಕೇಕನ್ನು ಹಿಂದಿನ ದಿನವೇ ಸುಟ್ಟು, ಪೂರಾ ಆರಿದ ಮೇಲೆ ಬಟ್ಟೆ ಸುತ್ತಿ ಇಡಿ. ಬಿಸಿ ಕೇಕಿನ ಮೇಲೆ ಅಲಂಕಾರ ನಿಲ್ಲೋದಿಲ್ಲ, ಪುಡಿಯೂ ಉದುರುತ್ತೆ.

ಬಿಸಿಲಿಗೆ ನಿಲ್ಲುವ ಹೊದಿಕೆ

ಕೇಕಿನ ಅಲಂಕಾರದಲ್ಲಿ ಜನ ಸೋಲೋದು ಇಲ್ಲೇ. ಅಡಿಕೆ ಮಾರಿ ಜನರ ಕೈಲಿ ನಾಲ್ಕು ಕಾಸು ಓಡಾಡೋ ಹೊತ್ತು, ಯುಗಾದಿ ಕಳೆದು ಜಾತ್ರೆಗಳು ನಡೆಯೋ ಕಾಲ, ಸವಾಲಿಗೆ ಅನುಕೂಲ. ಆದರೆ ಅದೇ ಉರಿ ಬಿಸಿಲಿನ ಕಾಲ. ಪೇಟೆ ಬೇಕರಿಯ ಬಿಳೀ ಕ್ರೀಮಿನ ಕೇಕು ಫ್ರಿಜ್ಜಿನಿಂದ ಹೊರಬಂದರೆ ನಮ್ಮಲ್ಲಿ ಸ್ವಲ್ಪ ಹೊತ್ತಿಗೇ ಜಾರುತ್ತೆ. ಬೆಣ್ಣೆಯ ಐಸಿಂಗ್ ಸ್ವಲ್ಪ ವಾಸಿ, ಆದರೆ ಬೆಣ್ಣೆ 32-35 ಡಿಗ್ರಿಗೆ ಕರಗುವ ಪದಾರ್ಥ. ನಮ್ಮ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಬಿಸಿ. ವನಸ್ಪತಿ ಇನ್ನೂ ಕೊಂಚ ತಡೆಯುತ್ತೆ, 37ರ ಮೇಲೆ ಅದೂ ಮೆತ್ತಗಾಗುತ್ತೆ. ತಿನ್ನುವಾಗ ಅಂಗಳಕ್ಕೆ ಮೇಣದ ಹಾಗೆ ಅಂಟುತ್ತೆ. ವನಸ್ಪತಿ ಕೊಳ್ಳುವುದಾದರೆ ಪೊಟ್ಟಣದ ಮೇಲೆ ಟ್ರಾನ್ಸ್ ಕೊಬ್ಬು ಎಷ್ಟಿದೆ ಓದಿ. 2022ರಿಂದ ಅದು ಶೇಕಡಾ 2 ಮೀರಬಾರದು ಅಂತ ನಿಯಮ ಇದೆ.

ನನಗೆ ಒಗ್ಗಿದ ದಾರಿ ಬೇರೆ. ಗೋಡಂಬಿ ಬರ್ಫಿ ಮಾಡೋ ಹಿಟ್ಟನ್ನೇ ಲಟ್ಟಿಸಿ ಕೇಕಿಗೆ ಹೊದಿಸೋದು. ಯುರೋಪಿನಲ್ಲಿ ಬಾದಾಮಿ-ಸಕ್ಕರೆ ಹಿಟ್ಟನ್ನು ಹೀಗೇ ಹೊದಿಸುತ್ತಾರೆ. ಗೋಡಂಬಿ ದುಬಾರಿ ಅನ್ನೋರು ಶೇಂಗಾ ಬಳಸಬಹುದು. ಬಣ್ಣ ತುಸು ಕಂದು, ರುಚಿಗೆ ಕಮ್ಮಿಯಿಲ್ಲ. ಇದು ಬಿಸಿಲಿಗೆ ಕರಗೋದಿಲ್ಲ, ಧೂಳು ಕೂತರೂ ಒಣ ಬಟ್ಟೆಯಲ್ಲಿ ಒರೆಸಬಹುದು.

ಎರಡು ಪದರದ ಕೇಕಿಗೆ ಶೇಂಗಾ ಪುಡಿ 400 ಗ್ರಾಂ, ಸಕ್ಕರೆ 200 ಗ್ರಾಂ, ನೀರು 100 ಮಿ.ಲೀ. ಶೇಂಗಾವನ್ನು ಕೆಂಪಾಗಿಸದೆ ಹುರಿದು, ಸಿಪ್ಪೆ ತೆಗೆದು, ಪೂರಾ ಆರಿದ ಮೇಲೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಸಕ್ಕರೆ ಒಂದೆಳೆ ಪಾಕ ಬಂದಾಗ ಪುಡಿ ಸುರಿದು, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ತಿರುವಿ. ಚೂರು ತುಪ್ಪ ಸವರಿದ ಕೈಯಲ್ಲಿ ಬೆಚ್ಚಗಿರುವಾಗಲೇ ನಾದಿ.

ಕೇಕಿನ ಎರಡು ಪದರದ ನಡುವೆ ಜಾಮ್ ಹಚ್ಚಿ ಜೋಡಿಸಿ. ಮೇಲೂ ಸುತ್ತಲೂ ಬೆಚ್ಚಗೆ ಮಾಡಿದ ಜಾಮನ್ನು ತೆಳ್ಳಗೆ ಬಳಿದು ಅರ್ಧ ಗಂಟೆ ಬಿಡಿ. ಉದುರೋ ಪುಡಿ ಎಲ್ಲ ಇದರಲ್ಲಿ ಕಚ್ಚಿಕೊಳ್ಳುತ್ತೆ, ಮೇಲಿನ ಹೊದಿಕೆ ಅಂಟಲು ಇದೇ ಗೋಂದು. ಆಮೇಲೆ ಎರಡು ಬಟರ್ ಪೇಪರಿನ ನಡುವೆ ಹಿಟ್ಟನ್ನು 16 ಇಂಚು ಅಗಲಕ್ಕೆ, ಜೋಳದ ರೊಟ್ಟಿಗಿಂತ ತುಸು ದಪ್ಪಕ್ಕೆ ಲಟ್ಟಿಸಿ. ಲಟ್ಟಣಿಗೆಗೆ ಸುತ್ತಿ ಎತ್ತಿ ಕೇಕಿನ ಮೇಲೆ ಬಿಚ್ಚಿ. ಅಂಗೈಯಲ್ಲಿ ಮೇಲಿಂದ ಕೆಳಕ್ಕೆ ಸವರಿ, ಕೆಳಗೆ ಹೆಚ್ಚಾದದ್ದನ್ನು ಕೊಯ್ದುಬಿಡಿ. ಬಿರುಕು ಬಿಟ್ಟರೆ ಅದೇ ಹಿಟ್ಟಿನ ಚೂರಿಗೆ ನೀರು ಮುಟ್ಟಿಸಿ ಮೆತ್ತಿದರೆ ಗೊತ್ತಾಗೋಲ್ಲ.

ಶೇಂಗಾ ಕೆಲವರ ಮೈಗೆ ಆಗೋದಿಲ್ಲ. ಮೈಕಿನಲ್ಲಿ ಮೊದಲೇ ಹೇಳಿಬಿಡಿ, ತಟ್ಟೆ ಕೇಕಿಗೆ ಶೇಂಗಾ ಹಾಕಬೇಡಿ.

ರಂಗೋಲಿ ಕೈಗೆ ಇದು ಕಷ್ಟವಲ್ಲ

ಐಸಿಂಗ್ ಕೆಲಸ ನಮಗೆ ಬರೋಲ್ಲ ಅಂತ ಹೆಣ್ಣುಮಕ್ಕಳು ಹಿಂದೆ ಸರಿಯುತ್ತಾರೆ. ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಎಳೆಯೋ ಕೈ, ಸೀಮಂತಕ್ಕೆ ಕೊಬ್ಬರಿ ಗಿಟುಕಿನ ಮೇಲೆ ಹೂ ಕೆತ್ತೋ ಕೈ, ಆರತಿ ತಟ್ಟೆ ಸಿಂಗರಿಸೋ ಕೈ, ಇದಕ್ಕಿಂತ ಬೇರೆ ತರಬೇತಿ ಏನು ಬೇಕು? ರಂಗೋಲಿಯ ಹಾಗೇ ಇಲ್ಲೂ ಮೊದಲು ಚುಕ್ಕಿ. ಕೇಕಿನ ಅಂಚಿಗೆ ದಾರ ಸುತ್ತಿ ಅಳೆದು, ಆ ದಾರವನ್ನು ಹನ್ನೆರಡು ಪಾಲು ಮಡಚಿ, ಮಡಿಕೆ ಬಂದಲ್ಲೆಲ್ಲ ಸೂಜಿಯಲ್ಲಿ ಗುರುತು ಮಾಡಿ. ಸೂಜಿಯನ್ನು ಎಣಿಸಿ ವಾಪಸ್ ಡಬ್ಬಕ್ಕೆ ಹಾಕಿ.

ಎಳೆ ಎಳೆಯಲು ಸಕ್ಕರೆ ಐಸಿಂಗ್ ಸಾಕು. ಐಸಿಂಗ್ ಸಕ್ಕರೆ ಮನೆಯಲ್ಲೇ ಆಗುತ್ತೆ. ಒಂದು ಲೋಟ ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿ ನುಣ್ಣಗೆ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಒಂದು ಹರಳು ಉಳಿದರೂ ತೂತಿಗೆ ಸಿಕ್ಕಿ ಎಳೆ ತುಂಡಾಗುತ್ತೆ. ಇಂಥ ಪುಡಿ 100 ಗ್ರಾಂಗೆ ಮೂರು ಟೀ ಚಮಚ ಹಾಲು, ಎರಡು ಹನಿ ನಿಂಬೆರಸ. ಹಾಲನ್ನು ಹನಿ ಹನಿಯಾಗಿ ಹಾಕಿ. ಚಮಚ ಎತ್ತಿದರೆ ದಾರದ ಹಾಗೆ ಇಳಿದು, ಬಿದ್ದಲ್ಲಿ ಗೆರೆ ಮಾಯವಾಗದೆ ನಿಲ್ಲಬೇಕು. ಮಾಯವಾದರೆ ಇನ್ನಷ್ಟು ಪುಡಿ ಸೇರಿಸಿ.

ನಳಿಕೆಗೆ ಬಟರ್ ಪೇಪರನ್ನು ಮೂರು ಮೂಲೆಗೆ ಕತ್ತರಿಸಿ, ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಅರ್ಧಕ್ಕಿಂತ ಹೆಚ್ಚು ತುಂಬದೆ ಮೇಲೆ ಮಡಚಿ. ಮದರಂಗಿ ಕೋನು ಹಿಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ತುದಿಯನ್ನು ಸೂಜಿಮೊನೆಯಷ್ಟೇ ಕತ್ತರಿಸಿ. ಕೇಕಿಗೆ ಮುಂಚೆ ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ನಾಲ್ಕು ಸಾಲು ಎಳೆದು ಕೈ ಹದ ನೋಡಿ. ಎಳೆಯುವಾಗ ತುದಿ ಕೇಕಿಗೆ ತಾಗಬಾರದು. ಎಳೆ ಗಾಳಿಯಲ್ಲಿ ಇಳಿದು ಬೀಳಬೇಕು. ನಿಲ್ಲಿಸಬೇಕಾದ ಕಡೆ ಮೊದಲು ಒತ್ತಡ ಬಿಡಿ, ಆಮೇಲೆ ಕೈ ಎತ್ತಿ.

ಅಡಿಕೆ ಗೊನೆ

ಉಳಿದ ಹಿಟ್ಟಿನ ಜೊತೆ ಇನ್ನು 200 ಗ್ರಾಂ ಹಿಟ್ಟು ಬೇಕು. ಇದಕ್ಕೆ ಗೋಡಂಬಿ ಆದರೆ ಬಣ್ಣ ಚೆನ್ನಾಗಿ ಬರುತ್ತೆ. ಮೂರು ಪಾಲು ಮಾಡಿ. ಒಂದಕ್ಕೆ ಹಸಿರು, ಒಂದಕ್ಕೆ ಹಳದಿ, ಒಂದಕ್ಕೆ ಹಣ್ಣಡಿಕೆಯ ಕೇಸರಿ ಕೆಂಪು. ನೆಲ್ಲಿಕಾಯಿಗಿಂತ ಸಣ್ಣ ಉಂಡೆ ಮಾಡಿ, ಅಂಗೈಯಲ್ಲಿ ತುಸು ಉದ್ದಕ್ಕೆ ಉರುಳಿಸಿದರೆ ಅಡಿಕೆ ಆಕಾರ. ತೊಟ್ಟಿಗೆ ಹಸಿರು ಹಿಟ್ಟಿನ ಚೂರು. ಸುಮಾರು ಅರವತ್ತು ಬೇಕಾಗುತ್ತೆ. ಮಕ್ಕಳನ್ನು ಕೂರಿಸಿಕೊಂಡರೆ ಒಂದು ಗಂಟೆ ಕೆಲಸ.

ಹಸಿರು ಹಿಟ್ಟನ್ನು ಶ್ಯಾವಿಗೆ ಹಾಗೆ ಹೊಸೆದು ಕೇಕಿನ ಮೇಲೆ ಗೊನೆಯ ಕಡ್ಡಿ ಹರಡಿ, ನೀರು ಮುಟ್ಟಿಸಿ ಉಂಡೆ ಅಂಟಿಸಿ. ಮೇಲೆ ಹಸಿರು, ಕೆಳಗೆ ಬರುತ್ತಾ ಹಳದಿ, ಕೊನೆಗೆ ಕೆಂಪು. ಗೊನೆ ಕೇಕಿನ ಮೇಲಿಂದ ಒಂದು ಬದಿಗೆ ಇಳಿದುಬರಲಿ. ಹಿಂದಿನ ಸಾಲಲ್ಲಿ ನಿಂತವರಿಗೆ ಕೇಕಿನ ತಲೆ ಕಾಣೋದಿಲ್ಲ, ಬದಿಯೇ ಕಾಣೋದು. ಕೂಗೋರು ಹೆಚ್ಚಾಗಿ ಹಿಂದೆಯೇ ನಿಲ್ಲುತ್ತಾರೆ!

ಒಳಗೆ ತಂತಿ, ಗುಂಡುಪಿನ್ನು, ಹಲ್ಲುಕಡ್ಡಿ ಯಾವುದನ್ನೂ ಬಳಸಬೇಡಿ. ತಿನ್ನೋದು ಮಕ್ಕಳು.

ಸಕ್ಕರೆ ಅಚ್ಚು: ಅಲಂಕಾರವೂ ಹೌದು, ಮಾಲೂ ಹೌದು

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಬೀರುವ ಸಕ್ಕರೆ ಅಚ್ಚನ್ನು ಕೇಕಿನ ಸುತ್ತ ನಿಲ್ಲಿಸೋದು ನಮ್ಮ ಕೇಕಿನ ವಿಶೇಷ. ಆನೆ, ಗಿಣಿ, ತುಳಸಿಕಟ್ಟೆ, ತೇರು, ಮನೆಯ ಅಟ್ಟದ ಮೇಲೆ ಯಾವ ಮರದ ಅಚ್ಚಿದೆಯೋ ಅದು. ಬಿಸಿಲಿಗೆ ಇದು ಜಗ್ಗೋದಿಲ್ಲ, ವಾರ ಮುಂಚೆ ಮಾಡಿ ಡಬ್ಬದಲ್ಲಿಡಬಹುದು.

ಅಚ್ಚನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಒರೆಸಿ, ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ. ಅರ್ಧ ಕೆ.ಜಿ. ಸಕ್ಕರೆಗೆ ಕಾಲು ಲೀಟರ್ ನೀರು ಹಾಕಿ ಕುದಿಸಿ. ಎರಡು ಚಮಚ ಹಾಲು ಬಿಟ್ಟರೆ ಕಸ ನೊರೆಯಾಗಿ ಮೇಲೆ ಬರುತ್ತೆ. ತೆಗೆದು ಬಟ್ಟೆಯಲ್ಲಿ ಸೋಸಿ. ಈ ಪಾಕವನ್ನು ಒಂದೇ ಸಲ ಕಾಯಿಸಬಾರದು. ಒಂದೊಂದು ಸೌಟು ಸಣ್ಣ ಬಾಣಲೆಗೆ ಹಾಕಿ, ತಿರುವುತ್ತಾ ಕುದಿಸಿ, ಅಂಚಲ್ಲಿ ಬೆಳ್ಳಗಾಗಿ ಗಟ್ಟಿಯಾಗತೊಡಗಿದ ಕೂಡಲೇ ಅಚ್ಚಿಗೆ ಹೊಯ್ಯಿರಿ. ಹತ್ತು ನಿಮಿಷಕ್ಕೆ ಬಿಡಿಸಬಹುದು.

ಕೇಕಿನ ಹನ್ನೆರಡು ಗುರುತಿನಲ್ಲಿ ಹನ್ನೆರಡು ಅಚ್ಚು. ಇವನ್ನು ಕೇಕಿಗೆ ಅಂಟಿಸದೆ ಬುಡಕ್ಕೆ ಒರಗಿಸಿ ನಿಲ್ಲಿಸಿ. ಯಾಕಂದ್ರೆ ಇವನ್ನು ಒಂದೊಂದಾಗಿ ಬೇರೆ ಕೂಗಿಸಬಹುದು. ದೊಡ್ಡ ಕೇಕನ್ನು ಒಬ್ಬರೇ ಕೊಳ್ಳಬಹುದು. ಅಚ್ಚುಗಳನ್ನು ಇನ್ನೂ ಹನ್ನೆರಡು ಮನೆಯವರು ಕೊಳ್ಳುತ್ತಾರೆ.

ಕೇಕು ಪರದೇಶದ್ದು, ಅದಕ್ಕೆ ನಮ್ಮ ಅಚ್ಚು ಯಾಕೆ ಅಂತ ಅನ್ನಿಸಬಹುದು. ಆದರೆ ಈ ನಾಡಿಗೆ ಕೇಕು ಬಂದದ್ದೇ ಹಾಗೆ. 1883ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬುವರು ಒಬ್ಬ ಇಂಗ್ಲಿಷ್ ತೋಟದ ಧಣಿ ಕೊಟ್ಟ ಕೇಕಿನ ಮಾದರಿ ನೋಡಿ, ಊರಿನ ಬಾಳೆಹಣ್ಣು, ಗೇರುಹಣ್ಣಿನ ಮದ್ಯ ಹಾಕಿಯೇ ಕ್ರಿಸ್‌ಮಸ್ ಕೇಕು ಮಾಡಿದರಂತೆ. ಕೈಗೆ ಸಿಕ್ಕ ಪದಾರ್ಥದಲ್ಲೇ ಮಾಡುವುದು ಮೊದಲಿನಿಂದ ಬಂದ ದಾರಿ.

ಬಣ್ಣದ ವಿಷಯದಲ್ಲಿ ಜೋಪಾನ

ಹಳದಿಗೆ ಚಿಟಿಕೆ ಅರಿಶಿನ. ಹಸಿರಿಗೆ ಪಾಲಕ್ ರುಬ್ಬಿ ಸೋಸಿದ ರಸ. ಪಾಕಕ್ಕೆ ಹಾಕುವ ನೀರಿನ ಬದಲು ಇದನ್ನೇ ಹಾಕಿ. ಕೆಂಪಿಗೆ ಬೀಟ್‌ರೂಟ್ ರಸ, ಸಣ್ಣ ಉರಿಯಲ್ಲಿ ಗಟ್ಟಿ ಮಾಡಿ ಕೊನೆಯಲ್ಲಿ ಸೇರಿಸಿ, ಬಹಳ ಕಾಯಿಸಿದರೆ ಕಂದಾಗುತ್ತೆ. ಅರಿಶಿನಕ್ಕೆ ಬೀಟ್‌ರೂಟ್ ಸೇರಿಸಿದರೆ ಹಣ್ಣಡಿಕೆ ಬಣ್ಣ. ಪೇಟೆ ಬಣ್ಣದಷ್ಟು ಹೊಳೆಯೋಲ್ಲ, ಹೊಳೆಯಬೇಕಾಗಿಯೂ ಇಲ್ಲ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಗೆ ಹಾಕುವ ರೋಡಮಿನ್-ಬಿ ಬಣ್ಣವನ್ನೂ ಗೋಬಿ ಮಂಚೂರಿಯ ಕೃತಕ ಬಣ್ಣವನ್ನೂ ನಿಷೇಧಿಸಿತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕುಗಳಲ್ಲಿ 12 ಅಸುರಕ್ಷಿತ ಅಂತ ಬಂತು. ಕಾರಣ ಕೃತಕ ಬಣ್ಣ. ಒಂದು ಮನೆಯ ಆಸ್ಪತ್ರೆ ಕಷ್ಟಕ್ಕೆ ಅಂತ ಮಾಡಿದ ಕೇಕು ಇನ್ನೊಂದು ಮನೆ ಮಗುವಿನ ಹೊಟ್ಟೆ ಕೆಡಿಸಬಾರದಲ್ಲ. ಬಿಡಿಯಾಗಿ ಮಾರುವ, ಹೆಸರಿಲ್ಲದ ಬಣ್ಣದ ಪುಡಿ ಎಷ್ಟು ಅಗ್ಗವಾದರೂ ಬೇಡ.

ಒಯ್ಯೋದು, ಇಡೋದು

ಕೇಕಿನ ತೂಕ ಹತ್ತಿರ ಹತ್ತಿರ ಎರಡೂವರೆ ಕೆ.ಜಿ. ಆಗುತ್ತೆ. ಅಡಿಗೆ ಗಟ್ಟಿ ಹಲಗೆ ಬೇಕು. ಹಲಗೆಗೆ ಬಟರ್ ಪೇಪರ್ ಹೊದಿಸಿ, ಅಂಚಿಗೆ ಮಾತ್ರ ತೊಳೆದು ಒಣಗಿಸಿದ ಅಡಿಕೆ ಹಾಳೆಯ ಪಟ್ಟಿ ಸುತ್ತಿದರೆ ಚಂದ ಕಾಣುತ್ತೆ. ಬೈಕಿನಲ್ಲಿ ಒಯ್ಯಬೇಡಿ. ಆಟೋದಲ್ಲಿ ಇಬ್ಬರು ಕೂತು ಕೇಕನ್ನು ತೊಡೆಯ ಮೇಲಲ್ಲ, ಕಾಲ ಬಳಿ ನೆಲದ ಮೇಲೆ, ಒದ್ದೆ ಗೋಣಿಚೀಲ ಹಾಸಿ ಇಡಿ. ಜಾರೋಲ್ಲ. ಅಚ್ಚುಗಳು ಬೇರೆ ಡಬ್ಬದಲ್ಲಿ ಹೋಗಲಿ, ಅಲ್ಲೇ ನಿಲ್ಲಿಸಿ.

ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತೋಲ್ಲ. ನೊಣಕ್ಕೆ ಸೊಳ್ಳೆಪರದೆ ಬಟ್ಟೆ ಇಳಿಬಿಡಿ, ಕೇಕಿಗೆ ತಾಗದ ಹಾಗೆ. ಹೊತ್ತು ಮುಳುಗಿದ ಮೇಲೆ ಸವಾಲು ಇಟ್ಟುಕೊಂಡರೆ ಬಿಸಿಲಿನ ಕಾಟವೂ ಇಲ್ಲ, ತೋಟದಿಂದ ಜನವೂ ಬಂದಿರುತ್ತಾರೆ. ಲೈಟು ಕೇಕಿನ ನೆತ್ತಿಯ ಮೇಲೆ ಬೇಡ, ಮೂರು ಅಡಿ ದೂರದಿಂದ ಬದಿಗೆ ಬೀಳಲಿ.

ಸವಾಲು ಮತ್ತು ಲೆಕ್ಕ

ಮೊದಲು ತಟ್ಟೆ ಕೇಕಿನ ತುಂಡು, ಬಾಳೆ ಎಲೆ ಚೂರಿನ ಮೇಲೆ. ಬಾಯಿ ಸಿಹಿಯಾದವರು ಕೂಗಲು ತಯಾರಾಗುತ್ತಾರೆ. ಆಮೇಲೆ ಅಚ್ಚುಗಳು. ಕೊನೆಗೆ ಕೇಕು. ಕೆಲವು ಸಲ ಗೆದ್ದವರು 'ಇನ್ನೊಂದು ಸಲ ಕೂಗಿಸಿ' ಅಂತ ಕೇಕನ್ನು ವಾಪಸ್ ಕೊಡುತ್ತಾರೆ. ಆದ್ದರಿಂದ ಕೊನೆಯ ಕೂಗು ಮುಗಿಯೋವರೆಗೆ ಕೇಕಿಗೆ ಚಾಕು ತಾಗಿಸಬೇಡಿ.

ಲೆಕ್ಕದ ಅಂದಾಜಿಗೆ ಒಂದು ಉದಾಹರಣೆ. 48 ತುಂಡಿಗೆ 20 ರೂ.ನಂತೆ 960 ರೂ. 12 ಅಚ್ಚು ಸರಾಸರಿ 50 ರೂ.ಗೆ ಹೋದರೆ 600 ರೂ. ದೊಡ್ಡ ಕೇಕಿನ ಕೂಗಿಗೆ ಮುಂಚೆಯೇ 1,560 ರೂ. ಆಯಿತು. ಅಂದ್ರೆ ಕೇಕನ್ನು ಕೂಗಲು ದೊಡ್ಡ ಕುಳ ಯಾರೂ ಬರದಿದ್ದರೂ ಸವಾಲು ಬರಿಗೈಲಿ ಮುಗಿಯೋಲ್ಲ.

ಸಾಮಾನಿನ ಖರ್ಚನ್ನು ಈ ದುಡ್ಡಿನಲ್ಲಿ ಮುರಿದುಕೊಳ್ಳಬಾರದು. ಒಬ್ಬರು ಶೇಂಗಾ, ಒಬ್ಬರು ಸಕ್ಕರೆ, ಒಬ್ಬರು ಮೊಸರು ಅಂತ ಮೊದಲೇ ಹಂಚಿಕೊಂಡರೆ ಬಂದದ್ದೆಲ್ಲ ಆ ಮನೆಗೇ. ಒಟ್ಟು ಎಷ್ಟಾಯಿತು ಅಂತ ಮೈಕಿನಲ್ಲಿ ಅಲ್ಲೇ ಹೇಳಿ. ಯಾರು ಎಷ್ಟು ಅನ್ನೋ ಪಟ್ಟಿ ಓದಬೇಡಿ, ಆ ಪಟ್ಟಿಯನ್ನು ಮನೆಯವರಿಗೂ ಕೊಡಬೇಡಿ. ಕೊಟ್ಟರೆ ಅದು ಮುಯ್ಯಿ ಪುಸ್ತಕವಾಯಿತು. ದುಡ್ಡನ್ನು ವೇದಿಕೆಗೆ ಕರೆದು ಕೈಗಿಡೋದೂ ಬೇಡ. ಮಾರನೆ ದಿನ ಮನೆಯ ಹೆಣ್ಣುಮಗಳ ಬ್ಯಾಂಕ್ ಖಾತೆಗೆ ಕಟ್ಟಿ, ಚೀಟಿ ತಲುಪಿಸಿದರೆ ಆಯಿತು.

ಈ ಕೆಲಸ ಚೆನ್ನಾಗಿ ಕಲಿತು ಮುಂದುವರಿಸಬೇಕು ಅನ್ನೋ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಊರಿನ ಕಾರ್ಯಕ್ಕೆ ಇಷ್ಟು ಸಾಕು. ಮೊದಲ ಸಲ ಮಾಡುವವರು ಸವಾಲಿಗೆ ಒಂದು ವಾರ ಮುಂಚೆ ಮನೆಮಟ್ಟಿಗೆ ಒಂದು ಸಣ್ಣ ಕೇಕಿನ ಮೇಲೆ ಹೊದಿಕೆ, ಎಳೆ, ಉಂಡೆ ಮೂರನ್ನೂ ಮಾಡಿ ನೋಡಿ, ಅದನ್ನು ಮಧ್ಯಾಹ್ನದ ಬಿಸಿಲಿಗೆ ಜಗಲಿಯಲ್ಲಿ ಮೂರು ಗಂಟೆ ಇಡಿ. ಅಲ್ಲಿ ನಿಂತ ಅಲಂಕಾರ ಸವಾಲಿನಲ್ಲೂ ನಿಲ್ಲುತ್ತೆ. ನಿಮ್ಮ ಕಡೆ ಅಡಿಕೆ ಬದಲು ಜೋಳದ ತೆನೆಯೋ, ಮೆಕ್ಕೆಜೋಳವೋ, ಭತ್ತವೋ ಇದ್ದರೆ ಅದನ್ನೇ ಮಾಡಿ, ಹೇಗೆ ಬಂತು ಅಂತ ಬರೆಯಿರಿ.